ಒಗ್ಗರಣೆ ಎಷ್ಟನೇ ನಿಮಿಷಕ್ಕೆ? ಯೂಟ್ಯೂಬ್ ಟೈಮ್‌ಸ್ಟ್ಯಾಂಪ್ ಬಗ್ಗೆ ಓದುಗರ ಪ್ರಶ್ನೆ, ವಿಡಿಯೋ ಎಡಿಟರ್ ಉತ್ತರ

ಪ್ರಶ್ನೆ: ಮಲ್ಲೇಶ್ವರದ ಮನೆಯಿಂದಲೇ ಯೂಟ್ಯೂಬ್‌ನಲ್ಲಿ ಅಡುಗೆ ಚಾನೆಲ್ ನಡೆಸುತ್ತೇನೆ. ಮೊನ್ನೆ 14 ನಿಮಿಷದ ಬಿಸಿಬೇಳೆ ಬಾತ್ ವಿಡಿಯೋ ಹಾಕಿದೆ. "ಮಾತು ಸಾಕು ಆಂಟಿ, ಅಡುಗೆ ತೋರಿಸಿ" ಅಂತ ಕಾಮೆಂಟ್ ಬಂತು. ಟೈಮ್‌ಸ್ಟ್ಯಾಂಪ್ ಹಾಕು ಅಂದಳು ಮಗಳು. ಡಿಸ್ಕ್ರಿಪ್ಷನ್‌ನಲ್ಲಿ ಹೀಗೆ ಹಾಕಿದ್ದೇನೆ: 0:40 ಇಂಟ್ರೊ, 2:15 ಪಾರ್ಟ್ 1, 6:30 ಪಾರ್ಟ್ 2, 11:05 ಫೈನಲ್. ಆದರೆ ಬೇರೆಯವರ ವಿಡಿಯೋದಲ್ಲಿ ಕೆಳಗಿನ ಗೆರೆ ತುಂಡು ತುಂಡಾಗಿ ಕಾಣುತ್ತದಲ್ಲ, ನನ್ನದರಲ್ಲಿ ಹಾಗೆ ಬರುತ್ತಿಲ್ಲ. ಇನ್ನೊಂದು ಭಯವೂ ಇದೆ. ಇದನ್ನೆಲ್ಲ ಹಾಕಿದರೆ ಜನ ಹಾರಿಸಿಕೊಂಡು ಹೋಗಲ್ವಾ?

ಉತ್ತರ: ಗೆರೆ ತುಂಡಾಗದಿರುವುದಕ್ಕೆ ಕಾರಣ ನಿಮ್ಮ ಮೊದಲ ಸಾಲಿನಲ್ಲೇ ಇದೆ. ಪಟ್ಟಿ 0:00ಯಿಂದಲೇ ಶುರುವಾಗಬೇಕು. ನೀವು 0:40ರಿಂದ ಶುರು ಮಾಡಿದ್ದೀರಿ. ಹಾಗಾಗಿ ಒತ್ತಿದರೆ ಆ ಜಾಗಕ್ಕೆ ಹೋಗುವ ಲಿಂಕ್ ಆಯಿತೇ ಹೊರತು, ಗೆರೆಯನ್ನು ತುಂಡು ಮಾಡಿ ಹೆಸರು ತೋರಿಸುವ ಚಾಪ್ಟರ್ ಆಗಲಿಲ್ಲ. ಯೂಟ್ಯೂಬ್ 2020ರಲ್ಲಿ ಈ ಚಾಪ್ಟರ್ ಸೌಲಭ್ಯ ತಂದಾಗಿನಿಂದ ಇದೇ ತಪ್ಪನ್ನು ಎಷ್ಟು ಜನರ ವಿಡಿಯೋದಲ್ಲಿ ತಿದ್ದಿದ್ದೇನೋ ಲೆಕ್ಕವಿಲ್ಲ. ಉಳಿದ ನಿಯಮಗಳು ಸುಲಭ. ಕಡಿಮೆ ಅಂದರೆ ಮೂರು ಸಮಯ ಬೇಕು, ಅವು ಏರುವ ಕ್ರಮದಲ್ಲಿರಬೇಕು, ಒಂದೊಂದು ಭಾಗವೂ ಕನಿಷ್ಠ 10 ಸೆಕೆಂಡ್ ಇರಬೇಕು. ನಿಯಮ ಮುರಿದದ್ದಕ್ಕೆ ಯೂಟ್ಯೂಬ್ ಹಾಕುವ ಸ್ಟ್ರೈಕ್ ಚಾನೆಲ್ ಮೇಲೆ ಇದ್ದರೂ ಚಾಪ್ಟರ್ ಬರುವುದಿಲ್ಲ. ನಿಮಗೆ ಆ ತೊಂದರೆ ಇರಲಾರದು ಬಿಡಿ.

ಕನ್ನಡದಲ್ಲಿ ಟೈಪ್ ಮಾಡುವವರು ಇನ್ನೊಂದು ಕಡೆ ಎಡವುತ್ತಾರೆ. ಫೋನಿನ ಕನ್ನಡ ಕೀಬೋರ್ಡ್‌ನಲ್ಲಿ ಕೋಲನ್ ಬದಲು ವಿಸರ್ಗ ಒತ್ತಿರುತ್ತೀರಿ. ಎರಡೂ ಮೇಲೊಂದು ಕೆಳಗೊಂದು ಚುಕ್ಕಿ ತಾನೆ? ಕಣ್ಣಿಗೆ ಗೊತ್ತಾಗುವುದಿಲ್ಲ, ಯೂಟ್ಯೂಬ್‌ಗೆ ಗೊತ್ತಾಗುತ್ತದೆ. ಇಂಗ್ಲಿಷ್ 0 ಬದಲು ಕನ್ನಡದ ಸೊನ್ನೆ ಒತ್ತಿದರೂ ಇದೇ ಕಥೆ. ಅಂಕಿ ಮತ್ತು ಕೋಲನ್ ಹಾಕುವಾಗ ಮಾತ್ರ ಇಂಗ್ಲಿಷ್ ಕೀಬೋರ್ಡ್‌ಗೆ ಬನ್ನಿ, ಹೆಸರನ್ನು ಆರಾಮಾಗಿ ಕನ್ನಡದಲ್ಲೇ ಬರೆಯಿರಿ. 2.15 ಅಂತ ಚುಕ್ಕಿ ಇಟ್ಟರೂ ಕೆಲಸ ಆಗಲ್ಲ.

ನನಗೆ ನಿಜವಾಗಿ ಬೇಸರ ತಂದದ್ದು 0:40 ಅಲ್ಲ, 'ಪಾರ್ಟ್ 1'. ಅಡುಗೆಮನೆಯಲ್ಲಿ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ನಿಂತವರಿಗೆ ಪಾರ್ಟ್ 1 ಅಂದರೆ ಏನು ತಿಳಿಯಬೇಕು? ಅವರ ತಲೆಯಲ್ಲಿರುವ ಪ್ರಶ್ನೆಯೇ ಬೇರೆ: ಎಷ್ಟು ವಿಷಲ್ ಕೂಗಿಸಲಿ, ಹುಣಸೆ ರಸ ಬೇಳೆ ಬೆಂದ ಮೇಲೆ ಹಾಕಲಾ, ಯಾಕೋ ಗಟ್ಟಿ ಆಯಿತಲ್ಲ, ಏನು ಮಾಡಲಿ. ಆ ಪ್ರಶ್ನೆಗಳನ್ನೇ ಹೆಸರು ಮಾಡಿ. ನಿಮ್ಮ ವಿಡಿಯೋ ನೋಡಿ ಹೀಗೆ ಬರೆದಿದ್ದೇನೆ:

0:00 ಇವತ್ತಿನ ಬಾತ್ ಹೀಗಿರುತ್ತೆ
0:40 ಬೇಕಾದ ಸಾಮಾನು, ಅಳತೆ
2:15 ಪುಡಿಗೆ ಹುರಿಯುವುದು
4:50 ಅಕ್ಕಿ, ಬೇಳೆ ಎಷ್ಟು ವಿಷಲ್?
6:30 ಹುಣಸೆ ರಸ ಯಾವಾಗ?
9:20 ಗಟ್ಟಿಯಾದರೆ ಏನು ಮಾಡಬೇಕು
11:05 ಒಗ್ಗರಣೆ

ಗಮನಿಸಿ, 4:50 ಮತ್ತು 9:20 ನಿಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ. ಆದರೆ ನಿಮ್ಮ ವಿಡಿಯೋದ ಬೆಲೆ ಇರುವುದೇ ಆ ಎರಡು ಜಾಗದಲ್ಲಿ. ಬಿಸಿಬೇಳೆ ಬಾತ್ ಆರುತ್ತಾ ಬಂದಂತೆ ಗಟ್ಟಿಯಾಗುತ್ತೆ, ಬಿಸಿನೀರು ಹಾಕಿ ಸಡಿಲ ಮಾಡಿ ಅಂತ ಎಷ್ಟು ಚೆನ್ನಾಗಿ ತೋರಿಸಿದ್ದೀರಿ! ಅದನ್ನು 'ಪಾರ್ಟ್ 2' ಹೊಟ್ಟೆಯೊಳಗೆ ಬಚ್ಚಿಟ್ಟರೆ ಹೇಗೆ? ಹೆಸರು ಚಿಕ್ಕದಿರಲಿ, ಫೋನ್ ಪರದೆಯಲ್ಲಿ ಉದ್ದದ ಸಾಲು ಅರ್ಧಕ್ಕೇ ಕತ್ತರಿಸಿಹೋಗುತ್ತದೆ.

ಇನ್ನು ಹಾರಿಸುವ ಭಯ. ಹಾರಿಸುವವರು ಈಗಲೂ ಹಾರಿಸುತ್ತಿದ್ದಾರೆ. ಹೆಬ್ಬೆರಳಲ್ಲಿ ಗೆರೆ ಎಳೆದು, ಮುಂದೆ ಹೋಗಿ, ಜಾಸ್ತಿ ಹೋಯಿತು ಅಂತ ಹಿಂದೆ ಬಂದು, ಕೊನೆಗೆ ಬೇಜಾರಾಗಿ ಇನ್ನೊಬ್ಬರ ವಿಡಿಯೋಗೆ ಹೋಗುತ್ತಾರೆ. ಬೇಕಾದ ಜಾಗ ಸಿಕ್ಕರೆ ನಿಮ್ಮಲ್ಲೇ ಉಳಿಯುತ್ತಾರೆ ಅನ್ನುವುದು ನನ್ನ ಅನುಭವ. ಮೊದಲ 40 ಸೆಕೆಂಡಿನ ಮಾತನ್ನು ಮಾತ್ರ ಸ್ವಲ್ಪ ಕಡಿಮೆ ಮಾಡಿ. ಅದನ್ನು ಯಾವ ಟೈಮ್‌ಸ್ಟ್ಯಾಂಪೂ ಕಾಪಾಡಲ್ಲ.

ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಹೀಗೇ ಒಂದು ಅಡುಗೆ ವಿಡಿಯೋ ಎಡಿಟ್ ಮಾಡಿ ಹಾಕಿದ್ದೆ. ಎರಡು ದಿನದ ಮೇಲೆ ಮೊದಲಿನ ಮಾತು ಉದ್ದ ಆಯಿತು ಅನಿಸಿ, ಯೂಟ್ಯೂಬ್ ಸ್ಟುಡಿಯೋದ ಎಡಿಟರ್‌ನಲ್ಲೇ 35 ಸೆಕೆಂಡ್ ಕತ್ತರಿಸಿದೆ. ಹೀಗೆ ಮಾಡಿದರೆ ಲಿಂಕ್ ಅದೇ ಇರುತ್ತದೆ, ವ್ಯೂಸ್ ಕೂಡ ಹಾಗೇ ಉಳಿಯುತ್ತದೆ. ಡಿಸ್ಕ್ರಿಪ್ಷನ್‌ನ ಪಟ್ಟಿಯೂ ಹಾಗೇ ಉಳಿಯಿತು! ಎಲ್ಲ ಜಾಗವೂ 35 ಸೆಕೆಂಡ್ ಹಿಂದಕ್ಕೆ ಸರಿದಿದೆ ಅನ್ನುವುದು ನನ್ನ ತಲೆಗೇ ಹೊಳೆಯಲಿಲ್ಲ. "ಒಗ್ಗರಣೆ ಅಂತ ಒತ್ತಿದರೆ ಅಷ್ಟೊತ್ತಿಗೆ ಸಾಸಿವೆ ಸಿಡಿದು ಮುಗಿದಿದೆ ಸರ್" ಅಂತ ಒಬ್ಬರು ಬರೆದರು. ಅವತ್ತಿನಿಂದ ಪಟ್ಟಿ ಬರೆಯುವುದು ನನ್ನ ಕೊನೆಯ ಕೆಲಸ, ಅದೂ ಅಪ್‌ಲೋಡ್ ಆದ ವಿಡಿಯೋವನ್ನೇ ನೋಡಿಕೊಂಡು. ಬರೆದ ಮೇಲೆ ಫೋನಿನಲ್ಲಿ ಒಂದೊಂದನ್ನೂ ಒತ್ತಿ ನೋಡುತ್ತೇನೆ.

ನೀವು ಬರೆಯದಿದ್ದರೆ ಯೂಟ್ಯೂಬ್ ಕೆಲವೊಮ್ಮೆ ತಾನೇ ಚಾಪ್ಟರ್ ಮಾಡುತ್ತದೆ. ನೀವು ಬರೆದರೆ ನಿಮ್ಮದೇ ನಿಲ್ಲುತ್ತದೆ. ಬರೆಯಿರಿ. ಎಷ್ಟು ವಿಷಲ್ ಅನ್ನುವುದು ನಿಮಗೇ ತಾನೆ ಗೊತ್ತು?

ಪ್ರಶ್ನೆ: ಅಪ್ಪನಿಗೆ ಕರ್ನಾಟಕ ಸಂಗೀತದ ಹುಚ್ಚು. ಎರಡು ಗಂಟೆಯ ಕಚೇರಿ ವಿಡಿಯೋ ಫ್ಯಾಮಿಲಿ ಗ್ರೂಪಿಗೆ ಹಾಕಿ "ಆ ಕಲ್ಯಾಣಿ ಕೇಳಿ" ಅನ್ನುತ್ತಾರೆ. ಎಲ್ಲಿದೆ ಅಂತ ಹುಡುಕುವುದು ಯಾರು? ನೇರ ಅಲ್ಲಿಗೇ ಹೋಗುವ ಹಾಗೆ ಕಳಿಸಬಹುದಾ? (ವಿಜಯನಗರದ ಓದುಗರು)

ಉತ್ತರ: ಕಳಿಸಬಹುದು. ಕಂಪ್ಯೂಟರ್‌ನಲ್ಲಿ ಆ ಜಾಗಕ್ಕೆ ವಿಡಿಯೋ ನಿಲ್ಲಿಸಿ ಶೇರ್ ಒತ್ತಿ. ಲಿಂಕ್ ಕೆಳಗೆ 'ಸ್ಟಾರ್ಟ್ ಅಟ್' ಅನ್ನುವ ಚೌಕ ಇರುತ್ತದೆ, ಅದಕ್ಕೆ ಟಿಕ್ ಹಾಕಿ ಕಾಪಿ ಮಾಡಿ. ಲಿಂಕಿನ ಬಾಲದಲ್ಲಿ 2840 ಅಂತೇನಾದರೂ ಕಂಡರೆ ಗಾಬರಿ ಬೇಡ, ಅದು ಸೆಕೆಂಡ್ ಲೆಕ್ಕ. 47 ನಿಮಿಷ 20 ಸೆಕೆಂಡ್ ಅಂದರೆ 2840. ಆ ಅಂಕಿಯನ್ನು ಕೈಯಲ್ಲೇ ತಿದ್ದಬಹುದು. ಸಂಗೀತಕ್ಕಾದರೆ ನಾನು ಹತ್ತು ಸೆಕೆಂಡ್ ಕಡಿಮೆ ಮಾಡಿ 2830 ಮಾಡುತ್ತೇನೆ. ಆಲಾಪನೆಯ ಮೊದಲ ಸ್ವರ ತಪ್ಪಿದರೆ ಅಪ್ಪಂದಿರು ಕ್ಷಮಿಸಲ್ಲ.

ಇದಕ್ಕಿಂತ ಸುಲಭದ ದಾರಿಯೂ ಇದೆ. ವಿಡಿಯೋ ಕೆಳಗೆ ಅಪ್ಪನೇ ಒಂದು ಕಾಮೆಂಟ್ ಬರೆಯಲಿ: 47:20 ಕಲ್ಯಾಣಿ, 1:22:05 ತನಿ ಆವರ್ತನ, ಹೀಗೆ. ಕಾಮೆಂಟಿನಲ್ಲಿ ಸಮಯ ಬರೆದರೆ ಸಾಕು, ತಾನಾಗಿ ಲಿಂಕ್ ಆಗುತ್ತದೆ. ಗಂಟೆ ದಾಟಿದ ಮೇಲೆ ಮೂರು ಭಾಗ ಬರೆಯಬೇಕು, ಅಷ್ಟೇ. ಇದರಿಂದ ಚಾಪ್ಟರ್ ಆಗುವುದಿಲ್ಲ, ಆ ಅಧಿಕಾರ ವಿಡಿಯೋ ಹಾಕಿದವರದ್ದು. ಆದರೆ ಅವರು ಕಾಮೆಂಟನ್ನು ಪಿನ್ ಮಾಡಿದರೆ ಎಲ್ಲರಿಗೂ ಮೇಲೆಯೇ ಕಾಣುತ್ತದೆ. ಚಾಮರಾಜಪೇಟೆಯ ರಾಮನವಮಿ ಪೆಂಡಾಲ್‌ನಲ್ಲಿ ತನಿ, ಅಂದರೆ ಮೃದಂಗದವರ ಸರದಿ, ಶುರುವಾದ ತಕ್ಷಣ ಕಾಫಿಗೆ ಏಳುವವರನ್ನು ನೋಡಿದ್ದೇನೆ. ಈಗ ಅದನ್ನೂ ಒಂದೇ ಒತ್ತಿನಲ್ಲಿ ದಾಟಬಹುದು. ಮೃದಂಗದವರು ನನ್ನನ್ನು ಬೈದುಕೊಳ್ಳಲಿ.

ಪ್ರಶ್ನೆ: ಸಿಇಟಿಗೆ ಓದುತ್ತಿದ್ದೇನೆ. ಫಿಸಿಕ್ಸ್ ಪಾಠದ ವಿಡಿಯೋಗಳು ಒಂದೂವರೆ ಗಂಟೆ ಇರುತ್ತವೆ. ರಿವಿಷನ್‌ಗೆ ಮತ್ತೆ ನೋಡುವಾಗ ಬೇಕಾದ ಲೆಕ್ಕ ಸಿಗುವುದೇ ಇಲ್ಲ. (ರಾಜಾಜಿನಗರದ ಪಿಯು ವಿದ್ಯಾರ್ಥಿ)

ಉತ್ತರ: ನೋಟ್ಸ್ ಬರೆಯುವಾಗ ಪಕ್ಕದ ಮಾರ್ಜಿನ್‌ನಲ್ಲಿ ಸಮಯ ಗುರುತು ಹಾಕಿಕೊಳ್ಳಪ್ಪ. ಎಲ್ಲದಕ್ಕೂ ಬೇಡ, ನಿನಗೆ ಅರ್ಥವಾಗದ ಕಡೆ ಮಾತ್ರ. '38:10, ಸೈನ್ ಯಾಕೆ ಮೈನಸ್ ಆಯಿತು?' ಅಂತ ಬರೆದಿಟ್ಟರೆ ಪರೀಕ್ಷೆ ಹಿಂದಿನ ವಾರ ಆ ಎರಡು ನಿಮಿಷ ನೋಡಿದರೆ ಮುಗಿಯಿತು. ಫೋನಿನಲ್ಲಿ ಚಾಪ್ಟರ್ ಇರುವ ವಿಡಿಯೋ ಮೇಲೆ ಎರಡು ಬೆರಳಲ್ಲಿ ಎರಡು ಸಲ ತಟ್ಟು. ಬಲಕ್ಕೆ ತಟ್ಟಿದರೆ ಮುಂದಿನ ಚಾಪ್ಟರ್, ಎಡಕ್ಕೆ ತಟ್ಟಿದರೆ ಹಿಂದಿನದು. ಕಂಪ್ಯೂಟರ್‌ನಲ್ಲಾದರೆ ಜೆ ಒತ್ತಿದರೆ 10 ಸೆಕೆಂಡ್ ಹಿಂದೆ, ಎಲ್ ಒತ್ತಿದರೆ 10 ಸೆಕೆಂಡ್ ಮುಂದೆ. ಮೇಷ್ಟ್ರು ಬೋರ್ಡ್ ಒರೆಸುವ ಮೊದಲಿನ ಸಾಲು ಬೇಕೆಂದಾಗ ಈ ಜೆ ತುಂಬಾ ಉಪಯೋಗಕ್ಕೆ ಬರುತ್ತದೆ.