ಕಣ್ಣು ಮುಚ್ಚಿದರೆ ವೇಷ ಕಾಣುವುದಿಲ್ಲ

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ನನ್ನ ಹತ್ತಿರ ಸಲಹೆ ಕೇಳಿ ಬಂದವನು ಕಾಸರಗೋಡಿನ ಬದಿಯಡ್ಕ ಕಡೆಯ ಯುವಕ. ಹಗಲು ಅಂಗಡಿ ಕೆಲಸ, ಸಂಜೆ ತೆಂಕುತಿಟ್ಟು ಶೈಲಿಯ ಯಕ್ಷಗಾನದಲ್ಲಿ ಬಣ್ಣದ ವೇಷದ, ಅಂದರೆ ಮುಖದ ತುಂಬ ಬಣ್ಣ ಬಳಿಯುವ ರಾಕ್ಷಸ ಪಾತ್ರಗಳ, ಕಲಿಕೆ. "ಬಣ್ಣಕ್ಕೆ ಕೂರುವ ಮೊದಲು ಕಣ್ಣು ಮುಚ್ಚಿ ವೇಷವನ್ನು ಪೂರ್ತಿ ನೋಡು" ಎಂದು ಗುರುಗಳು ಹೇಳಿದ್ದರು. ಇವನಿಗೆ ಕಂಡದ್ದು ಬರೀ ಕತ್ತಲೆ. ಮೊಬೈಲಿನಲ್ಲಿ ವಿಡಿಯೋ ನೋಡಿ, ದೀಪ ದಿಟ್ಟಿಸಿ ಕಣ್ಣು ಮುಚ್ಚುವ ಅಭ್ಯಾಸವನ್ನು ತಿಂಗಳುಗಟ್ಟಲೆ ಮಾಡಿದ. ತಲೆನೋವು ಬಂತು, ಚಿತ್ರ ಬರಲಿಲ್ಲ. ನಿಜವಾದ ನೋವು ಆಮೇಲೆ ಹೊರಬಂತು. "ತೀರಿಹೋದ ಅಜ್ಜಿಯ ಮುಖವೂ ಬರೋದಿಲ್ಲ ಮೇಡಂ. ನನಗೆ ಪ್ರೀತಿಯೇ ಇರಲಿಲ್ವಾ?"

1880ರಲ್ಲಿ ಇಂಗ್ಲಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಜನರಿಗೆ ಬೆಳಗಿನ ತಿಂಡಿಯ ಮೇಜನ್ನು ನೆನೆಸಿಕೊಳ್ಳಲು ಹೇಳಿದ್ದ. ನಾನೂ ಅದನ್ನೇ ಕೇಳಿದೆ. "ನೀರುದೋಸೆ ತಿಂದೆ. ತಟ್ಟೆ ಕಾಣೋದಿಲ್ಲ, ತಿಂದದ್ದು ಗೊತ್ತು ಅಷ್ಟೇ." ಮುಖದ ಮೇಲೆ ಬಿಳಿ ಹಿಟ್ಟಿನ ಉಬ್ಬು ಸಾಲುಗಳನ್ನು, ಅಂದರೆ ಚುಟ್ಟಿ, ಇಡುವುದು ಹೇಗೆ ಎಂದು ಕೇಳಿದಾಗ ಮಾತ್ರ ಅವನು ತಡವರಿಸಲಿಲ್ಲ. ಅಕ್ಕಿಹಿಟ್ಟು, ಸುಣ್ಣ ಎಷ್ಟು ದಪ್ಪಕ್ಕೆ ಕಲಸಬೇಕು, ಒಂದು ಸಾಲು ಒಣಗುವವರೆಗೆ ಎಲ್ಲಿ ಕೈ ತಾಗಿಸಬಾರದು, ಎಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ ಬೆರಳು ತಾನಾಗಿ ಹುಬ್ಬಿನಿಂದ ಕೆನ್ನೆಗೆ ಇಳಿಯಿತು. ವೇಷ ಅವನೊಳಗೆ ಇದೆ, ಚಿತ್ರವಾಗಿ ಇಲ್ಲ, ಅಷ್ಟೇ.

ಹೀಗೆ ಮನಸ್ಸಿನಲ್ಲಿ ಚಿತ್ರ ಮೂಡದಿರುವುದಕ್ಕೆ ಅಫ್ಯಾಂಟೇಸಿಯಾ ಎಂಬ ಹೆಸರು ಬಂದದ್ದು 2015ರಲ್ಲಿ, ನರತಜ್ಞ ಆಡಂ ಜೆಮನ್ ಮತ್ತು ಸಂಗಡಿಗರಿಂದ. ರೋಗವಲ್ಲ. ಹೀಗಿರುವವರಿಂದ ನೆನಪಿನ ಮೇಲೆ ಕೋಣೆಯ ಚಿತ್ರ ಬರೆಸಿ ನೋಡಿದ್ದಾರೆ. ವಸ್ತುಗಳ ವಿವರ, ಬಣ್ಣ ಕಡಿಮೆ. ಯಾವುದು ಎಲ್ಲಿತ್ತು ಎಂಬುದು ಮಾತ್ರ ಉಳಿದವರಷ್ಟೇ ಸರಿ. ಆನಿಮೇಷನ್ ಸಿನಿಮಾಗಳ ಪಿಕ್ಸಾರ್ ಕಟ್ಟಿದವರಲ್ಲಿ ಒಬ್ಬರಾದ ಎಡ್ ಕ್ಯಾಟ್ಮಲ್ ಅವರಿಗೂ ಮನಸ್ಸಿನಲ್ಲಿ ಚಿತ್ರ ಮೂಡುವುದಿಲ್ಲ. ಇದನ್ನು ಕೇಳಿ ಅವನ ಮುಖ ಅರಳಿತು.

ದೀಪ ದಿಟ್ಟಿಸುವುದನ್ನು ಬಿಡಲು ಹೇಳಿದೆ. ಮಸುಕಾಗಿಯಾದರೂ ಚಿತ್ರ ಬರುವವರಿಗೆ ಅಭ್ಯಾಸದಿಂದ ಒಂದಿಷ್ಟು ಉಪಯೋಗ ಆಗಬಹುದು. ಹುಟ್ಟಿನಿಂದಲೇ ಏನೂ ಬಾರದವರಿಗೆ ಬರಿಸಿಕೊಡುವ ಸಾಬೀತಾದ ದಾರಿ ಇಲ್ಲ. ಹಣ ಕಟ್ಟಿಸಿಕೊಂಡು ಕಲಿಸುತ್ತೇವೆ ಎನ್ನುವವರನ್ನು ನಂಬಬೇಡಿ ಎಂದೂ ಹೇಳಿದೆ.

ಬದಲಿಗೆ, ಗುರುಗಳು ಬಣ್ಣ ಹಾಕುವಾಗ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಪಕ್ಕದಲ್ಲೇ ಕೂರಬೇಕು. ಕಂಡದ್ದನ್ನು ಮೆಲ್ಲಗೆ ಬಾಯಲ್ಲಿ ಹೇಳಿಕೊಳ್ಳಬೇಕು. ಮನೆಗೆ ಬಂದು ಕಾಗದದಲ್ಲಿ ಮುಖದ ಗೆರೆ ಎಳೆದು, ಯಾವ ಬಣ್ಣ ಎಲ್ಲಿ ಎಂದು ಬರೆದು, ಫೋಟೋದ ಜೊತೆ ಹೋಲಿಸಬೇಕು. ಮತ್ತೆ ಗುರುಗಳಿಗೆ ವಿಷಯ ತಿಳಿಸಲೇಬೇಕು. ಇದಕ್ಕೆ ಅವನು ಹೆದರಿದ. ಇಬ್ಬರೂ ಕೂತು ಮಾತು ಹೊಂದಿಸಿದೆವು: "ಗುರುಗಳೇ, ನನಗೆ ಕಣ್ಣು ಮುಚ್ಚಿದರೆ ಕಾಣುವುದಿಲ್ಲ, ಬರೆದರೆ ಬರುತ್ತದೆ. ಬರೆದು ಕಲಿಯಬಹುದಾ?"

ಅಜ್ಜಿಯ ಬಗ್ಗೆ ಕೇಳಿದಾಗ ಅವರ ದನಿ, ವೀಳ್ಯದ ವಾಸನೆ, ಬೈಯುವಾಗಿನ ತುಳು ಮಾತು ಎಲ್ಲ ಹೇಳಿದ. ಇಷ್ಟೆಲ್ಲ ನೆನಪಿಟ್ಟವನಿಗೆ ಪ್ರೀತಿ ಇರಲಿಲ್ಲ ಅನ್ನೋದು ಹೇಗೆ? ಫೋಟೋವೊಂದನ್ನು ಹತ್ತಿರ ಇಟ್ಟುಕೊಳ್ಳಿ, ಬೇಕೆನಿಸಿದಾಗ ನೋಡಿ ಎಂದೆ.

ಇವನಿಗೆ ಇದು ಬಾಲ್ಯದಿಂದಲೇ ಇದ್ದದ್ದು. ಮೊದಲು ಚಿತ್ರ ಬರುತ್ತಿದ್ದು, ಪೆಟ್ಟು ಬಿದ್ದ ಮೇಲೋ ಕಾಯಿಲೆಯ ಮೇಲೋ ಒಮ್ಮೆಲೇ ನಿಂತುಹೋದವರು ನನ್ನ ಹತ್ತಿರ ಬರುವ ಮೊದಲು ನರರೋಗ ತಜ್ಞರನ್ನು ಕಾಣಬೇಕು.