ಕಾಸರಗೋಡಿನ ಜನನ-ಮರಣದ ಲೆಕ್ಕವನ್ನು ಬೇರೆ ಜಿಲ್ಲೆಗಳ ಜೊತೆ ಹೋಲಿಸಬಹುದೇ?

ಜನನ-ಮರಣ ನೋಂದಣಿಯ ಜಿಲ್ಲಾವಾರು ಪಟ್ಟಿ ಇಟ್ಟುಕೊಂಡು ಕಾಸರಗೋಡನ್ನು ಪತ್ತನಂತಿಟ್ಟ, ಮಲಪ್ಪುರಂ, ದಕ್ಷಿಣ ಕನ್ನಡಗಳ ಪಕ್ಕದಲ್ಲಿಟ್ಟು ನೋಡಬಹುದೇ ಎಂದು ಕೇಳಿದ್ದೀರಿ. ನೇರವಾಗಿ ಬೇಡ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಅಕ್ಷಯ ಕೇಂದ್ರ, ಅಂದರೆ ಕೇರಳ ಸರ್ಕಾರದ ಆನ್‌ಲೈನ್ ಸೇವಾ ಕೇಂದ್ರ, ನಡೆಸುತ್ತೇನೆ. ದಿನಾ ಜನನ ಪ್ರಮಾಣಪತ್ರಗಳ ನಡುವೆಯೇ ಇರುವವನಾದ್ದರಿಂದ ಯಾಕೆ ಬೇಡ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ.

1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮಗು ಎಲ್ಲಿ ಹುಟ್ಟಿತೋ ಅಲ್ಲೇ ನೋಂದಣಿ. ತಾಯಿ ಯಾವ ಊರಿನವಳು ಎಂಬುದರ ಮೇಲೆ ಅಲ್ಲ. ಮರಣಕ್ಕೂ ಅದೇ ನಿಯಮ. ಬೇರೆ ಜಿಲ್ಲೆಗಳಲ್ಲಿ ಇದರಿಂದ ದೊಡ್ಡ ವ್ಯತ್ಯಾಸ ಆಗಲಿಕ್ಕಿಲ್ಲ, ನಮ್ಮಲ್ಲಿ ಆಗುತ್ತದೆ. ಮಂಜೇಶ್ವರದಿಂದ ಮಂಗಳೂರಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಕಣ್ಣೂರು ಜಿಲ್ಲೆಯ ಪರಿಯಾರದ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಅದರ ಮೂರು ಪಟ್ಟಿಗೂ ಹೆಚ್ಚು. ಹಾಗಾಗಿ ಸ್ವಲ್ಪ ತೊಡಕಿನ ಹೆರಿಗೆ ಎಂದರೆ ಕಾರು ಉತ್ತರಕ್ಕೇ ತಿರುಗುತ್ತದೆ: ಮಂಗಳೂರಿನ ಸರ್ಕಾರಿ ಹೆರಿಗೆ ಆಸ್ಪತ್ರೆ ಲೇಡಿಗೋಷನ್, ಇಲ್ಲವೇ ದೇರಳಕಟ್ಟೆಯ ಖಾಸಗಿ ಮೆಡಿಕಲ್ ಕಾಲೇಜುಗಳು. ಇದರ ಮೇಲೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ಪದ್ಧತಿ ಬೇರೆ. ಪುತ್ತೂರು, ವಿಟ್ಲ, ಸುಳ್ಯದಿಂದ ಇಲ್ಲಿಗೆ ಸೊಸೆಯಾಗಿ ಬಂದವರು ಸೀಮಂತ ಮುಗಿಸಿ ಗಡಿ ದಾಟಿದರೆ ಬಾಣಂತನ ಮುಗಿದ ಮೇಲೆಯೇ ವಾಪಸು. ಇಲ್ಲಿಂದ ಆಚೆ ಮದುವೆಯಾಗಿ ಹೋದವರು ಹೆರಿಗೆಗೆ ಈಚೆ ಬರುವುದೂ ಇದೆ. ಹಾಗಾಗಿ ಎರಡೂ ಕಡೆಯ ಲೆಕ್ಕ ಕಲಸಿಹೋಗುತ್ತದೆ.

ನಮ್ಮ ಕೇಂದ್ರಕ್ಕೆ ಶಾಲೆಗೆ ಸೇರಿಸುವ ಕಾಲದಲ್ಲಿ ಬರುವ ಕಡತಗಳನ್ನು ನೋಡಿದರೆ ಸಾಕು. ತಾಯಿಯ ಆಧಾರ್ ಇಲ್ಲಿಯ ಎಣ್ಮಕಜೆ ಪಂಚಾಯತಿನದು, ಪಡಿತರ ಚೀಟಿ ಮಲಯಾಳದಲ್ಲಿ, ಮಗುವಿನ ಜನನ ಪ್ರಮಾಣಪತ್ರ ಮಾತ್ರ ಕನ್ನಡದಲ್ಲಿ, ಮಂಗಳೂರು ಮಹಾನಗರ ಪಾಲಿಕೆಯ ಮೊಹರಿನೊಂದಿಗೆ. ಲಸಿಕೆ ಕಾರ್ಡಿನಲ್ಲಿ ಹುಟ್ಟಿದಾಗ ಹಾಕುವ ಬಿಸಿಜಿ ಅಲ್ಲಿಯದು, ಆರನೇ ವಾರದ ಪೆಂಟಾವೇಲೆಂಟ್ ಇಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರದ್ದು. ಆ ಮಗು ಬೆಳೆಯುವುದು, ಅಂಗನವಾಡಿಗೆ ಹೋಗುವುದು, ಜ್ವರ ಬಂದಾಗ ಮದ್ದು ಕೇಳುವುದು ಎಲ್ಲ ನಮ್ಮ ಪಂಚಾಯತಿನಲ್ಲಿ. ಹುಟ್ಟಿನ ಲೆಕ್ಕ ಮಾತ್ರ ಇನ್ನೊಂದು ರಾಜ್ಯಕ್ಕೆ. ಮಂಗಳೂರಿನ ತೀವ್ರ ನಿಗಾ ಘಟಕದಲ್ಲಿ ತೀರಿಕೊಂಡ ಹಸುಗೂಸಿನ ಮರಣವೂ ಅಲ್ಲಿಯೇ ದಾಖಲಾಗುತ್ತದೆ. ಒಂದು ಜಿಲ್ಲೆಯ ಶಿಶುಮರಣ ಕಡಿಮೆ ಎಂದು ಸಂತೋಷಪಡುವ ಮುನ್ನ ಅಲ್ಲಿಯ ಮಕ್ಕಳು ಎಲ್ಲಿ ಸಾಯುತ್ತಾರೆ ಎಂದು ಕೇಳಲೇಬೇಕು.

ರಾಜ್ಯಮಟ್ಟದ ಲೆಕ್ಕದಲ್ಲಿ ಈ ತೊಂದರೆ ಇಲ್ಲ. ಮಾದರಿ ನೋಂದಣಿ ವ್ಯವಸ್ಥೆಯವರು, ಅಂದರೆ ಎಸ್‌ಆರ್‌ಎಸ್‌ನವರು, ಆಯ್ದ ಊರುಗಳ ಮನೆಮನೆಗೆ ಹೋಗಿ ಅಲ್ಲಿನ ಖಾಯಂ ವಾಸಿಗಳ ಜನನ-ಮರಣ ಬರೆದುಕೊಳ್ಳುತ್ತಾರೆ. ಆರು ತಿಂಗಳಿಗೊಮ್ಮೆ ಇನ್ನೊಬ್ಬರು ಬಂದು ಪರಿಶೀಲಿಸುತ್ತಾರೆ. ಅದರಂತೆ 2020ರಲ್ಲಿ ಸಾವಿರ ಜನನಕ್ಕೆ ಶಿಶುಮರಣ ಕೇರಳದಲ್ಲಿ 6, ಕರ್ನಾಟಕದಲ್ಲಿ 19. 2018-20ರ ಅವಧಿಗೆ ಲಕ್ಷ ಜನನಕ್ಕೆ ತಾಯಂದಿರ ಮರಣ ಕೇರಳದಲ್ಲಿ 19, ಕರ್ನಾಟಕದಲ್ಲಿ 69. ಅಂದರೆ ನಮ್ಮ ಹೆಣ್ಣುಮಕ್ಕಳು ಹೆರಿಗೆಗೆ 19ರ ರಾಜ್ಯದಿಂದ 69ರ ರಾಜ್ಯಕ್ಕೆ ಹೋಗುತ್ತಾರೆ! ಇದರಲ್ಲಿ ಅವರ ತಪ್ಪು ಲೆಕ್ಕಾಚಾರವೇನೂ ಇಲ್ಲ. ಕರ್ನಾಟಕದ ಸರಾಸರಿಯೊಳಗೆ ಯಾದಗಿರಿಯೂ ಇದೆ, ಮಂಗಳೂರೂ ಇದೆ. ಕೇರಳದ ಸರಾಸರಿಯೊಳಗೆ ತಿರುವನಂತಪುರವೂ ಇದೆ, ನಮ್ಮ ಜಿಲ್ಲೆಯ ಉಕ್ಕಿನಡ್ಕವೂ ಇದೆ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸ ಆದದ್ದು 2013ರಲ್ಲಿ. ಅಲ್ಲಿ ರೋಗಿಗಳಿಗೆ ಹಾಸಿಗೆ ಹಾಕಿದ್ದು 2020ರ ಏಪ್ರಿಲ್‌ನಲ್ಲಿ, ಅದೂ ಕೊರೊನಾ ಬಂದು ಗಡಿ ಮುಚ್ಚಿದ ಮೇಲೆ.

ಆ ದಿನಗಳನ್ನು ನಾವು ಮರೆಯುವ ಹಾಗಿಲ್ಲ. ಗಡಿಯ ತಲಪಾಡಿಯಲ್ಲಿ ಕರ್ನಾಟಕದವರು ಆಂಬುಲೆನ್ಸುಗಳನ್ನೇ ತಡೆದರು, ಒಳರಸ್ತೆಗಳಿಗೆ ಮಣ್ಣು ಸುರಿದರು. ವರ್ಷಗಳಿಂದ ಮಂಗಳೂರಿನಲ್ಲೇ ಮದ್ದು ಮಾಡುತ್ತಿದ್ದ ಹಲವರು ದಾರಿ ಸಿಗದೆ ತೀರಿಹೋದರು. ತಡೆ ತೆಗೆಯಬೇಕೆಂದು ಕೇರಳ ಹೈಕೋರ್ಟು ಏಪ್ರಿಲ್ 1ರಂದು ಹೇಳಬೇಕಾಯಿತು. ಆಗಿನ ಹೆರಿಗೆ, ಸಾವುಗಳು ಈಚೆಯಲ್ಲೇ ದಾಖಲಾದವು. 2020ರ ನೋಂದಣಿ ಸಂಖ್ಯೆಯನ್ನು ಹಿಂದಿನ ವರ್ಷಗಳ ಪಕ್ಕದಲ್ಲಿಡುವಾಗ ಇದು ಗಮನದಲ್ಲಿರಲಿ.

ಇನ್ನೊಂದು ಮಾತು, ಒಟ್ಟು ಮರಣ ಪ್ರಮಾಣದ ಬಗ್ಗೆ. 2020ರಲ್ಲಿ ಸಾವಿರಕ್ಕೆ ಕೇರಳದಲ್ಲಿ 7.0, ಬಿಹಾರದಲ್ಲಿ 5.4. ಬಿಹಾರದ ಆರೋಗ್ಯ ಉತ್ತಮ ಎಂದಲ್ಲ. ಇಲ್ಲಿ ವಯಸ್ಸಾದವರು ಹೆಚ್ಚು, ಅಷ್ಟೇ. ಕೇರಳದೊಳಗೂ ಹೀಗೆಯೇ. 2001ರಿಂದ 2011ರ ನಡುವೆ ಪತ್ತನಂತಿಟ್ಟದ ಜನಸಂಖ್ಯೆ ಇಳಿಯಿತು, ಮಲಪ್ಪುರಂನದು ಶೇ. 13ರಷ್ಟು ಏರಿತು, ಕಾಸರಗೋಡಿನದು ಶೇ. 8.6. ವಯಸ್ಸಿನ ಹಂಚಿಕೆ ಸರಿಹೊಂದಿಸದೆ ಈ ಮೂರನ್ನು ಹೋಲಿಸಿದರೆ ಮೋಸಹೋಗುತ್ತೀರಿ. 2011ರಲ್ಲಿ ಇಲ್ಲಿ ಸಾವಿರ ಗಂಡಸರಿಗೆ 1080 ಹೆಂಗಸರಿದ್ದರು. ಗಂಡಸರು ದುಬೈ, ಅಬುಧಾಬಿ, ಕತಾರ್ ಎಂದು ಹೊರಗಿರುವುದು ಅದಕ್ಕೊಂದು ಕಾರಣ, ಹೆಂಗಸರ ಆಯುಸ್ಸು ಹೆಚ್ಚಿರುವುದು ಇನ್ನೊಂದು.

ಯಾವ ಪ್ರಮಾಣದಲ್ಲೂ ಕಾಣದವರೂ ಇದ್ದಾರೆ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರುಗಳಲ್ಲಿ, ಎಣ್ಮಕಜೆಯ ಸ್ವರ್ಗ, ಪಡ್ರೆಯಂಥ ಕಡೆ, ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳು ದೊಡ್ಡವರಾಗಿದ್ದಾರೆ. ಅವರು ಬದುಕಿರುವುದರಿಂದ ಶಿಶುಮರಣದ ಅಂಕಿಯಲ್ಲಿಲ್ಲ. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು, ಆದರೆ ಅವರ ಅಮ್ಮಂದಿರಿಗೆ ವಯಸ್ಸಾಗುತ್ತಿದೆ. ಜಿಲ್ಲೆಯ ಆರೋಗ್ಯದ ಬಗ್ಗೆ ಬರೆಯುವವರು ಅವರನ್ನು ಬಿಟ್ಟು ಬರೆಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನೀವು ಏನು ಮಾಡಬಹುದೆಂದರೆ: ಜನನ ವರದಿಯ ಅರ್ಜಿಯಲ್ಲಿ ತಾಯಿಯ ವಾಸದ ಊರಿಗೆ ಬೇರೆ ಕಾಲಂ ಇದೆ. ಪಟ್ಟಿ ಸಿಕ್ಕಿದಾಗ ಅದು ಘಟನೆ ನಡೆದ ಸ್ಥಳದ್ದೋ ವಾಸಸ್ಥಳದ್ದೋ ಎಂದು ಮೊದಲು ನೋಡಿ. ದಕ್ಷಿಣ ಕನ್ನಡದ ದಾಖಲೆಯಲ್ಲಿ ತಾಯಿಯ ವಾಸ ಕಾಸರಗೋಡು ಎಂದಿರುವ ಜನನಗಳ ಒಟ್ಟು ಸಂಖ್ಯೆಯನ್ನು ಮಾಹಿತಿ ಹಕ್ಕಿನಡಿ ಕೇಳಿ. ಇಲ್ಲಿಯ ಉಪಕೇಂದ್ರಗಳ ಸಿಸ್ಟರುಗಳು, ಆಶಾ ಕಾರ್ಯಕರ್ತೆಯರು ಗರ್ಭಿಣಿಯರನ್ನು ಮನೆ ಲೆಕ್ಕದಲ್ಲೇ ಬರೆದಿಡುತ್ತಾರೆ, ಹೆರಿಗೆ ಎಲ್ಲಾಯಿತು ಎಂಬುದೂ ಅದರಲ್ಲಿರುತ್ತದೆ. ಪಂಚಾಯತಿನ ಆರೋಗ್ಯ ಕೇಂದ್ರದಲ್ಲಿ ಹೆಸರು, ವಿಳಾಸ ಕೇಳಬೇಡಿ, ಒಟ್ಟು ಸಂಖ್ಯೆ ಮಾತ್ರ ಕೇಳಿ. ಮಂಜೇಶ್ವರ ತಾಲೂಕಿನಿಂದ ಶುರುಮಾಡಿ; ವ್ಯತ್ಯಾಸ ಬೇಗ ಕಾಣುವುದು ಅಲ್ಲೇ.