ಹಾರ್ಪ್ಸಿಕಾರ್ಡ್ ಒಂದನ್ನೇ ನಂಬಿ ಬದುಕಬಹುದಾ?

ಪಿಯಾನೋ ಬಿಟ್ಟು ಬರೀ ಹಾರ್ಪ್ಸಿಕಾರ್ಡ್ (ಕೀ ಒತ್ತಿದರೆ ತಂತಿ ಮೀಟುವ, ಪಿಯಾನೋಗಿಂತ ಹಳೆಯ ವಾದ್ಯ) ಹಿಡಿದರೆ ಹೊಟ್ಟೆ ತುಂಬುತ್ತಾ ಅಂತ ಕೇಳಿದ್ದೀರಿ. ತುಂಬುತ್ತದೆ, ಆದರೆ ಸೋಲೋ ಕಛೇರಿಗಳಿಂದಲೇ ಅಲ್ಲ. ನೆದರ್ಲೆಂಡ್ಸ್‌ನ ಹಾರ್ಪ್ಸಿಕಾರ್ಡ್ ವಾದಕ ಗುಸ್ತಾವ್ ಲಿಯೊನ್‌ಹಾರ್ಟ್ (1928–2012) ಅವರನ್ನೇ ನೋಡಿ. ಅಷ್ಟು ದೊಡ್ಡ ಹೆಸರು, ಆದರೂ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪಾಠ ಹೇಳುತ್ತಿದ್ದರು, ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು, ತಂಡ ಕಟ್ಟಿಕೊಂಡು ಬಾಖ್‌ನ ಕಂಟಾಟಾಗಳನ್ನು (ಹಾಡುಗಾರರೂ ವಾದ್ಯಗಳೂ ಸೇರಿದ ಕೃತಿಗಳು) ರೆಕಾರ್ಡ್ ಮಾಡಿದರು. ಹೊಸಬರಿಗೆ ಕೆಲಸ ಜಾಸ್ತಿ ಸಿಗುವುದು ಕಂಟಿನ್ಯುವೋದಲ್ಲಿ, ಅಂದರೆ ತಂಡಕ್ಕೆ ಆಧಾರವಾಗಿ ಜೊತೆ ನುಡಿಸುವುದರಲ್ಲಿ. ಎದುರಿಗೆ ಬರೀ ಕೆಳಸ್ವರದ ಸಾಲು, ಜೊತೆಗೆ ಯಾವ ಸ್ವರ ಸೇರಿಸಬೇಕೆಂದು ಸೂಚಿಸುವ ಕೆಲವು ಅಂಕಿಗಳು ಇರುತ್ತವೆ, ಉಳಿದ ಸ್ವರಗಳನ್ನೆಲ್ಲ ಹಾಡುಗಾರರನ್ನು ಅನುಸರಿಸುತ್ತಾ ನೀವೇ ಆಗಿಂದಾಗಲೇ ತುಂಬಬೇಕು, ನನಗಂತೂ ಈ ವಾದ್ಯದ ನಿಜವಾದ ಸುಖ ಇದೇ. ಶ್ರುತಿ ಮಾಡುವುದನ್ನೂ ಈಗಲೇ ಕಲಿಯಿರಿ. ಹವೆ ಬದಲಾದರೆ ತಂತಿ ಜಾರುತ್ತದೆ, ಎಷ್ಟೋ ಕಡೆ ಇಂಟರ್ವಲ್‌ನಲ್ಲಿ ನುಡಿಸುವವರೇ ಸರಿಮಾಡಿಕೊಳ್ಳಬೇಕು. ಫೋರ್ಟೆಪಿಯಾನೋ (ಪಿಯಾನೋದ ಹಳೆಯ ರೂಪ), ಆರ್ಗನ್ ಎರಡೂ ಬಂದರೆ ಅವಕಾಶ ಹೆಚ್ಚು. ಪಿಯಾನೋವನ್ನು ಈಗಲೇ ಬಿಡಬೇಡಿ.